ಕಮಲಾಂಬಾ ಮಿಲ್ಲಿನ ಸೈರನ್

ಎಲ್ಲಕ್ಕೂ ಕಾರಣ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಸುಬ್ರಹ್ಮಣ್ಯ ಆಡಿದ ಒಂದು ಮಾತು.

"ಆಯುಧಪೂಜೆ ಮಾಡೋದಾದ್ರೆ ಹಳೇ ಮಿಲ್ಲಲ್ಲಿ ಹೇಗೆ ಮಾಡ್ತಿದ್ರೋ ಹಾಗೇ ಮಾಡೋಣ. ಒಂದು ಪದ್ಧತೀನೂ ಬಿಡಬಾರದು."

ಪೀಣ್ಯದ ಕಮಲಾಂಬಾ ನೂಲಿನ ಮಿಲ್ಲು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟು ಅದು. ಮಿಲ್ಲಿನ ಗುರುತಾಗಿ ಉಳಿದದ್ದು ಒಂದು ಚಿಮಣಿ, ಮತ್ತು ಕರೆಂಟು ಹೋದಾಗ ಕೂಗಿಸುತ್ತಿದ್ದ, ಕೈಯಲ್ಲಿ ತಿರುಗಿಸುವ ಒಂದು ಸೈರನ್. ಸುಬ್ರಹ್ಮಣ್ಯ ಅಲ್ಲಿನ ಸಾಂಸ್ಕೃತಿಕ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದೇ ಇದ್ದದ್ದರಿಂದ ಅವನ ದಸರಾ ರಜೆಗಳೆಲ್ಲ ವರ್ಷ ವರ್ಷವೂ ಶಾಮಿಯಾನದ ಕೆಳಗೇ ಕಳೆದಿದ್ದವು.

"ಮುಂದಿನ ದಸರಾಕ್ಕೆ ನಾನು ಕಾಶಿಗೆ ಹೋಗೋದೇ," ಎಂದಿದ್ದಳು ಹೆಂಡತಿ ಸೀತಾ, ಪೂಜೆಯ ದಿನ ಬೆಳಿಗ್ಗೆ ಕಾಫಿ ಲೋಟವನ್ನು ಕುಕ್ಕುತ್ತಾ. "ನೀವು ಬಂದ್ರೆ ಜೋಡಿ, ಇಲ್ದಿದ್ರೆ ಒಂಟಿ."

"ಇವತ್ತೇ ಕೊನೆ ಕಣೇ. ಪೂಜೆ ಆದ ತಕ್ಷಣ ಸ್ಟೋರ್‌ರೂಮ್ ಬೀಗದ ಕೈ ಪ್ರೆಸಿಡೆಂಟ್ ವನಜಾ ಮೇಡಂ ಕೈಗಿಟ್ಟು ಕೈ ತೊಳ್ಕೋತೀನಿ."

ಆದರೆ ಪೂಜೆಯ ಕೊನೆಗೆ ಕೂಗಬೇಕಿದ್ದ ಸೈರನ್ ತಿರುಗಲೇ ಇಲ್ಲ. ಕಾವಲಿನ ಬಸಲಿಂಗ ಜೋತುಬಿದ್ದರೂ ಹಿಡಿಕೆ ಅಲುಗಲಿಲ್ಲ. "ಸರ, ಇದು ಸಿಟ್ಟಿಗೆದ್ದ ಮಾವನಂಗ ಬಿಗದು ಕುಂತೈತ್ರಿ." ಮೊದಲ ಮಹಡಿಯವರು ಕೊಬ್ಬರಿ ಎಣ್ಣೆ ಹಾಕಿ ಎಂದರು. ಎರಡನೇ ಮಹಡಿಯವರು ಹರಳೆಣ್ಣೆ ಕಳಿಸಿದರು. ಯಾರೋ ಪುಣ್ಯಾತ್ಮರು ತುಪ್ಪ ಸುರಿದು ಹೋದರು. ಹನ್ನೊಂದರ ಹೊತ್ತಿಗೆ ಸೈರನ್ ತಿರುಗತೊಡಗಿತು. ಹತ್ತಿರ ಹೋದವರಿಗೆಲ್ಲ ದೋಸೆಯ ನೆನಪಾಗುತ್ತಿತ್ತು.

ಅಷ್ಟರಲ್ಲಿ ವನಜಾ ಬಂದರು. "ಕುಂಬಳಕಾಯಿ ನೆಲದ ಮೇಲೆ ಒಡೀಬೇಡಿ ಸುಬ್ರಹ್ಮಣ್ಯ, ಗ್ರಾನೈಟ್ ಕಲೆಯಾಗುತ್ತೆ. ಬಕೆಟ್ಟಲ್ಲಿ ಒಡೀರಿ."

"ಬಕೀಟದಾಗ ಒಡದ್ರ ದೃಷ್ಟಿ ಹೊರಗ ಹೋಗೋದರ ಹೆಂಗ್ರೀ?" ಎಂದ ಬಸಲಿಂಗ. ಕುಂಬಳಕಾಯಿ ಬಕೆಟ್ಟಿನಲ್ಲೇ ಒಡೆಯಿತು, ಬಕೆಟ್ಟೂ ಒಡೆಯಿತು, ಕುಂಕುಮದ ನೀರು ಗ್ರಾನೈಟಿನ ಮೇಲೆ ಹೊಳೆಯಾಗಿ ಹರಿಯಿತು. ವನಜಾ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ, ಎಲ್ಲವೂ ಸುಬ್ರಹ್ಮಣ್ಯನೇ ಮಾಡಿದ್ದು ಎಂಬಂತೆ ಅವನನ್ನು ನೋಡಿದರು.

ಹಿಂದಿನ ಬೀದಿಯಿಂದ ಮಿಲ್ಲಿನ ಹಳೇ ಕೆಲಸಗಾರರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪದ್ಧತಿಗಳನ್ನೆಲ್ಲ ಹೇಳಿಕೊಟ್ಟದ್ದು ಅವರಲ್ಲಿ ಹಿರಿಯಳಾದ ರುಕ್ಮವ್ವ. "ಕಡೇಗೆ ಸೈರನ್ ಕೂಗ್ಬೇಕು ಸಾಮಿ. ಅದು ಕೂಗೋಗಂಟ ಪುರಿ ಅಂಚಂಗಿಲ್ಲ."

ಮಂಗಳಾರತಿ ಆಯಿತು. ಪುರಿ, ಬೆಲ್ಲ, ಕಡಲೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಸುಬ್ರಹ್ಮಣ್ಯ ಮುಂದಿನ ಸಾಲಿನ ಹಿರಿಯನೊಬ್ಬನಿಗೆ ಭಕ್ತಿಯಿಂದ ಹಿಡಿಕೆ ತೋರಿಸಿದ. "ಚಿಕ್ಕಬೈರಪ್ಪನವರೇ, ನೀವೇ ಕೂಗಿಸಬೇಕು."

"ಅಯ್ಯೋ, ನಂಗೆ ಭುಜ ಇಡ್ಕೊಂಡದೆ ಸಾಮಿ." ಪುರಿ ಮೂಟೆಯನ್ನು ಒಬ್ಬನೇ ಹೊತ್ತು ತಂದವನು ಇದೇ ಚಿಕ್ಕಬೈರಪ್ಪ.

"ರುಕ್ಮವ್ವ, ನೀವು?"

"ನಂಗೆ ಕಣ್ಣು ಮಂಜು."

"ಸೈರನ್ ತಿರುಗಿಸೋಕೆ ಕಣ್ಣು ಯಾಕವ್ವ?"

"ಅಂಗಂತೀರಾ? ಕಿವೀನೂ ಸರಿಯಿಲ್ಲ ಬುಡಿ."

ಉಳಿದ ಹಿರಿಯರು ಒಬ್ಬೊಬ್ಬರಾಗಿ ಚಿಮಣಿಯನ್ನು ನೋಡತೊಡಗಿದರು, ಅದು ಈಗಷ್ಟೇ ಎದ್ದು ನಿಂತಿದೆ ಎಂಬಂತೆ.

"ಬೇಗ ಆಗ್ಲಿ ಸಾರ್!" ಪುರಿಯ ಸಾಲಿನಲ್ಲಿದ್ದ ಮೂರನೇ ಮಹಡಿಯ ಮಲ್ಲಿಕ್ ಕೂಗಿದ. "ಪುರಿ ಮೆತ್ತಗಾಗ್ತಿದೆ!"

ಸುಬ್ರಹ್ಮಣ್ಯನ ತಾಳ್ಮೆ ಅಲ್ಲಿಗೆ ತೀರಿತು. ಸ್ಟೋರ್‌ರೂಮಿನ ಬೀಗದ ಕೈಯನ್ನು ವನಜಾ ಅವರ ಅಂಗೈಯಲ್ಲಿಟ್ಟು, "ಮೇಡಂ, ಇವತ್ತಿಗೆ ನನ್ನ ಕೆಲಸ ಮುಗೀತು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಸ್ವತಂತ್ರ ಮನುಷ್ಯನ ಹುರುಪಿನಿಂದ ಹಿಡಿಕೆ ಹಿಡಿದು ಗಿರಗಿರನೆ ತಿರುಗಿಸಿದ.

ಸೈರನ್ ಮೊದಲು ಕೆಮ್ಮಿತು. ಆಮೇಲೆ ಬಾಣಂತಿ ಎಮ್ಮೆಯಂತೆ ಬೊಬ್ಬಿಟ್ಟಿತು. ಬೀದಿನಾಯಿಗಳು ದನಿಗೂಡಿಸಿದವು, ನೆಲಮಾಳಿಗೆಯ ಕಾರುಗಳೆಲ್ಲ ಪೀಂ ಪೀಂ ಎಂದವು. ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಮಂಜುಗಣ್ಣಿನ ರುಕ್ಮವ್ವ ನೆಟ್ಟಗೆ ಓಡಿ ಬಂದು, ಚಿಮಣಿಯ ಬುಡದಲ್ಲಿ ನೇತುಹಾಕಿದ್ದ ಚೆಂಡುಹೂವಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದಳು.

ಸುಬ್ರಹ್ಮಣ್ಯ ಹಾರವನ್ನು ಕಣ್ಣಿಗೊತ್ತಿಕೊಂಡ. "ಇಷ್ಟೆಲ್ಲ ಯಾಕವ್ವ..."

"ಆಕ್ದೆ ಬುಡಕ್ಕಾತದಾ? ನಮ್ ಮಿಲ್ಲಲ್ಲಿ ಸೈರನ್ ಕೂಗಿಸ್ದೋನೇ ಮುಂದಿನ್ ವರ್ಸದ ಪೂಜೆ ಯಜಮಾನ. ಸಾಮಿಯಾನದಿಂದ ಪುರಿವರ್ಗೂ ಅವನ್ದೇ ಓಡಾಟ."

"ಮೊದಲೇ ಯಾಕೆ ಹೇಳಲಿಲ್ಲ?"

"ಏಳಿದ್ರೆ ಯಾರು ಮುಟ್ತಾರೆ ಸಾಮಿ? ಒಸಬ್ರು ಸಿಗೋಗಂಟ ಬಾಯ್ ಬುಡ್ಬಾರ್ದು, ಅದೂ ಪದ್ಧತೀನೇ."

ಚಿಕ್ಕಬೈರಪ್ಪ ನೋವಿದ್ದ ಭುಜವನ್ನೇ ಎತ್ತಿ, "ಒಂದ್ಸಲ ನಂಗೂ ಇಂಗೇ ಆಯ್ತು," ಎಂದು ಸಮಾಧಾನದಿಂದ ಅವನ ಬೆನ್ನು ತಟ್ಟಿದ.

ಸುಬ್ರಹ್ಮಣ್ಯ ದಿಕ್ಕೆಟ್ಟು ವನಜಾ ಕಡೆ ತಿರುಗಿದ. ಅವರು ಆಗಲೇ ಬೀಗದ ಕೈಯನ್ನು ಅವನ ಅಂಗಿ ಜೇಬಿಗೆ ಇಳಿಬಿಡುತ್ತಿದ್ದರು.

"ನೀವೇ ಹೇಳಿದ್ರಲ್ಲಾ ಸುಬ್ರಹ್ಮಣ್ಯ, ಒಂದು ಪದ್ಧತೀನೂ ಬಿಡಬಾರದು ಅಂತ."

ಸಾಲಿನ ಮುಂದಿದ್ದ ಸೀತಾ ಪುರಿಯ ಪೊಟ್ಟಣ ಈಸಿಕೊಂಡು ಗಂಡನ ಹತ್ತಿರ ಬಂದಳು. ಹಾರವನ್ನು ನೋಡಿದಳು, ಜೇಬನ್ನು ನೋಡಿದಳು, ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಳು.

"ಕಾಶಿಯಿಂದ ನಿಮಗೆ ಗಂಗಾಜಲ ತರ್ಲಾ?" ಎಂದಳು. "ಸೈರನ್ ತೊಳೆಯೋಕಾಗುತ್ತೆ."