ಮಲಗಿದಾಗ ನೋಯದ ಬಾಲದ ಮೂಳೆ

ಆಸ್ಪತ್ರೆಯ ಎಕ್ಸ್‌ರೇ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಣ್ಣನೆಯ ಕೋಣೆಯಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿ, ಕ್ಷೇಮವಾಗಿಲ್ಲದ ಅಜ್ಜಿಯೊಬ್ಬಳು ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು, ನಿಂತುಕೊಂಡೇ ಬರೆಯುವ ನಮಸ್ಕಾರಗಳು. ನಿಂತೇ ಏಕೆಂದರೆ, ಮೆಟ್ಟಿಲಲ್ಲಿ ಜಾರಿ ದೊಪ್ಪನೆ ಕೂತ ದಿನದಿಂದ ನನಗೆ ಕೂರುವ ಭಾಗ್ಯವಿಲ್ಲ. ಬಾಲದ ಮೂಳೆಯಂತೆ. ಬಾಲ ಕೊಡದೆ ಅದರ ನೋವನ್ನಷ್ಟೇ ಕೊಟ್ಟ ದೇವರಿಗೆ ಬೇರೆಯೇ ಪತ್ರ ಬರೆಯುವವಳಿದ್ದೇನೆ.

ತಾವು ನನ್ನನ್ನು ಹಲಗೆಯ ಮೇಲೆ ಮಲಗಿಸಿ, ಅಲುಗಾಡಬೇಡವೆಂದು ಹೇಳಿಸಿ, ಚಿತ್ರ ತೆಗೆದು, ಏನೂ ತೊಂದರೆಯಿಲ್ಲವೆಂದು ತೀರ್ಪು ಕೊಟ್ಟಿರಿ. ಸತ್ಯವೇ. ಮಲಗಿದಾಗ ನನಗೂ ಏನೂ ತೊಂದರೆಯಿಲ್ಲ ಸ್ವಾಮೀ. ಹಸಿದವಳಿಗೆ ಹೊಟ್ಟೆ ತುಂಬ ಉಣ್ಣಿಸಿ, ಆಮೇಲೆ ಪರೀಕ್ಷಿಸಿ, ಇವಳಿಗೆ ಹಸಿವೇ ಇಲ್ಲ ಎಂದಂತಾಯಿತು.

ಅಂದಿನಿಂದ ಮನೆಯಲ್ಲಿ ತಮ್ಮದೇ ವೇದವಾಕ್ಯ. ನಾನು ಕುರ್ಚಿಗೆ ತಗುಲಿ ನರಳಿದರೆ, "ಫೋಟೋದಲ್ಲಿ ಏನೂ ಇಲ್ವಲ್ಲಮ್ಮ, ಎಲ್ಲಾ ನಿನ್ನ ಮನಸ್ಸಲ್ಲಿರೋದು" ಎಂದ ಮಗ. ಮನಸ್ಸು ಅಷ್ಟು ಕೆಳಗಿರುತ್ತದೆಂದು ನಮ್ಮ ಊರ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. "ಹೊಲಿಗೆ ಮೆಷಿನ್ ಮುಂದೆ ಕೂರೋಕೆ ಅತ್ತೆಗೆ ಬೇಜಾರು" ಎಂದಳು ಸೊಸೆ. ಈ ಮನೆಯವರ ಅಂಗಿ, ಲಂಗ, ದಿಂಬಿನ ಚೀಲಗಳನ್ನೆಲ್ಲ ಹೊಲಿದವಳು ನಾನು. ತಮ್ಮ ಕೃಪೆಯಿಂದ ಈ ವಯಸ್ಸಿನಲ್ಲಿ ಮೈಗಳ್ಳಿ ಎನ್ನಿಸಿಕೊಂಡೆ. ನೋವಿಗಿಂತ ಆ ಮಾತೇ ಹೆಚ್ಚು ನಾಟಿತು.

ಕೊನೆಗೆ ಡಾಕ್ಟರಮ್ಮನೊಬ್ಬರು, "ಯಾವಾಗ ನೋಯತ್ತೆ ಅಜ್ಜಿ?" ಎಂದು ಕೇಳುವ ಉಪಕಾರ ಮಾಡಿ, ನಿಂತಾಗೊಂದು, ಕೂತಾಗೊಂದು ಚಿತ್ರ ತೆಗೆಸಿದರು. ನಿಂತಾಗ ಸಭ್ಯಸ್ಥನಂತಿದ್ದ ಮೂಳೆ, ಕೂತೊಡನೆ ಜಾರಿ ಹಿಂದಕ್ಕೆ ಹೋಗಿತ್ತು. ತಮ್ಮ ಕೀರ್ತಿ ಇನ್ನೂ ಹೆಚ್ಚಿತು. ಮಗ ಚಿತ್ರವನ್ನು ಬೆಳಕಿಗೆ ಹಿಡಿದು, "ಅಯ್ಯೋ ಪಾಪ, ಎಷ್ಟು ನೋವಾಗಿರಬೇಕು!" ಎಂದು ಕಣ್ಣೊರೆಸಿಕೊಂಡ. ಚಿತ್ರಕ್ಕೆ ಹೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ.

ಆದ್ದರಿಂದ ನನ್ನ ಬಿನ್ನಹವಿಷ್ಟೇ: ತಾವು ದಯಮಾಡಿ ನಮ್ಮ ಮನೆಯಲ್ಲೇ ಬಿಡಾರ ಹೂಡಿ, ಸಾರಿಗೆ ಉಪ್ಪು ಸಾಲದು, ರಾತ್ರಿ ಚಳಿಯಾಯಿತು, ನನಗೂ ಬೇಸರವಾಗುತ್ತದೆ ಎಂದು ನಾನಂದಾಗಲೆಲ್ಲ ಒಂದೊಂದು ಚಿತ್ರ ತೆಗೆದು ಸಾಕ್ಷಿ ನುಡಿಯಬೇಕು.

ಇಂತಿ, ನಿಂತೇ ಇರುವ,
ತಮ್ಮ ವಿಶ್ವಾಸಿ,
ಒಬ್ಬ ಅಜ್ಜಿ

ವಿ.ಸೂ.: ಬಿಡುವಾದಾಗ ನನ್ನ ಮಗನ ಕಿವಿಯದೂ ಒಂದು ಚಿತ್ರ ತೆಗೆಯಿರಿ. ಸುಮ್ಮನೆ ಮಲಗಿಸಿ ತೆಗೆದರೆ ಎಲ್ಲ ಸರಿಯಿದೆ ಎಂದೇ ಬಂದೀತು. ನಾನು ಮಾತನಾಡುತ್ತಿರುವಾಗ ತೆಗೆಯಿರಿ.