ನನ್ನ ತೋಟದಲ್ಲಿ ಒಬ್ಬರಾದರೂ ಕೂತ್ಕೊಳ್ರಪ್ಪಾ

ನನ್ನ ಹಣೇಲಿ ಇಂಥವನ್ನೆಲ್ಲ ಬರೆಯೋನಿಗೆ ಒಂದಲ್ಲ ಒಂದು ದಿನ ಕೈ ನೋಯುತ್ತೆ ಅಂತ ಕಾದಿದ್ದೇ ಬಂತು. ಚೆನ್ನೈಯಲ್ಲಿ ಮನೆಗಳಿಗೆ ತೋಟ ಮಾಡಿಕೊಡೋದು ನನ್ನ ಕಸುಬು. ಅಪ್ಪ ರೈಲ್ವೆಯಲ್ಲಿದ್ದರು, ಪುರಸೈವಾಕ್ಕಂನಲ್ಲೇ ಬೆಳೆದೆ. ಮಗ ಗಿಡದ ಬುಡ ಸೇರಿದ ಅಂತ ಅವರು ಕೊನೇವರೆಗೂ ಕೊರಗಿದರು.

ಗಿರಾಕಿಗಳದ್ದೆಲ್ಲ ಒಂದೇ ಪಲ್ಲವಿ: "ಸಾರ್, ಮಾಡರ್ನ್ ಆಗಿರ್ಬೇಕು, ಮೆಂಟೆನೆನ್ಸ್ ಇರಬಾರದು, ನಾಲ್ಕು ಜನ ಬಂದ್ರೆ ಸಂಜೆ ಹೊರಗೆ ಕೂತು ಹರಟೆ ಹೊಡೆಯೋ ಹಾಗಿರ್ಬೇಕು." ಹದಿನಾಲ್ಕು ವರ್ಷದಿಂದ ಮಾಡಿಕೊಡ್ತಾನೇ ಇದೀನಿ. ನನಗಿರೋದು ಒಂದೇ ಆಸೆ. ನಾನು ಮಾಡಿದ ತೋಟದಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಕಾಫಿ ಲೋಟ ಹಿಡ್ಕೊಂಡು ಕೂತಿರೋದನ್ನ ಕಣ್ತುಂಬ ನೋಡಬೇಕು. ಸಾಯೋದ್ರೊಳಗೆ ನೋಡ್ತೀನೋ ಇಲ್ವೋ, ದೇವರೇ ಬಲ್ಲ.

ಕಟ್ಟೆ

ನುಂಗಂಬಾಕ್ಕಂನ ಹಳೇ ಬೀದೀಲಿ ನಮ್ಮ ಕನ್ನಡದವರದೇ ಮನೆ. ಮರದ ಹಲಗೆ ಹಾಸಿ, ಇಪ್ಪತ್ತು ಜನ ಆರಾಮಾಗಿ ಕೂರೋ ಕಟ್ಟೆ ಮಾಡಿದ್ದೆ. ತಿಂಗಳು ಬಿಟ್ಟು ಹೋದೆ. ಕಟ್ಟೆ ತುಂಬ ಬಿಳೀ ಪಂಚೆ, ಪಂಚೆ ತುಂಬ ಅರಳು ಸಂಡಿಗೆ.

ಮನೆಯ ಅಜ್ಜಿಗೆ ನನ್ನ ಕಂಡು ಸಂತೋಷವೋ ಸಂತೋಷ. "ಬಾಪ್ಪಾ! ಎಷ್ಟು ಚೆನ್ನಾಗಿ ಮಾಡಿಕೊಟ್ಟಿದೀಯ. ಬೆಳಿಗ್ಗೆಯಿಂದ ಸಂಜೆವರೆಗೂ ಒಂದು ಚೂರು ನೆರಳು ಬೀಳಲ್ಲ ನೋಡು."

"ಅಜ್ಜಿ, ಅದು ಕೂತ್ಕೊಳ್ಳೋಕೆ ಮಾಡಿದ್ದು."

"ಕೂತ್ರೆ ಸಂಡಿಗೆ ಮುರಿಯಲ್ವೇನೋ, ಪೆದ್ದೇ?"

ಹುಲ್ಲು

ವಡಪಳನೀಲಿ ಒಬ್ಬರು ಸಿನಿಮಾ ಸೆಟ್ ಹಾಕೋರು. ಕತ್ತರಿಸೋ ರಗಳೆ ಬೇಡ ಅಂತ ಹಟ ಹಿಡಿದು ಪ್ಲಾಸ್ಟಿಕ್ ಹುಲ್ಲು ಹಾಕಿಸಿದರು. ಮೇ ತಿಂಗಳ ಬಿಸಿಲಲ್ಲಿ ಅವರ ಮಾವನವರು ಬರಿಗಾಲಲ್ಲಿ ಇಳಿದರಂತೆ. ಎಪ್ಪತ್ತು ದಾಟಿದವರು, ಒಂದೇ ನೆಗೆತಕ್ಕೆ ವಾಪಸ್ ಮೆಟ್ಟಿಲ ಮೇಲೆ! ನನಗೆ ಫೋನು. "ನೀರು ಚಿಮುಕಿಸಿ ಸಾರ್, ತಣ್ಣಗಾಗುತ್ತೆ" ಅಂದೆ. ಇನ್ನೇನು ಹೇಳಲಿ? ಈಗ ವಾಚ್‌ಮ್ಯಾನ್ ದಿನಕ್ಕೆ ಮೂರು ಹೊತ್ತು ನೀರು ಹಾಕ್ತಾರೆ. ನಿಜವಾದ ಹುಲ್ಲಿಗೆ ಒಂದು ಹೊತ್ತು ಸಾಕಿತ್ತು.

ಮೊನ್ನೆ ಹೋದಾಗ ಆ ವಾಚ್‌ಮ್ಯಾನ್ ನನ್ನ ಪಕ್ಕಕ್ಕೆ ಕರೆದು ತಮಿಳಲ್ಲಿ ಪಿಸುಗುಟ್ಟಿದರು: "ಸಾರ್, ಮೂರು ತಿಂಗಳಿಂದ ಹಾಕ್ತಿದೀನಿ, ಒಂದಿಂಚೂ ಬೆಳೆದಿಲ್ಲ. ಓನರ್‌ಗೆ ಹೇಳ್ಬೇಡಿ, ನನ್ನ ಕೆಲಸ ಹೋಗುತ್ತೆ."

ಮರ

ಒಬ್ಬ ಬ್ಯಾಂಕ್ ಮೇಡಂ ಕೇಳಿದರು: "ನೆರಳು ಕೊಡ್ಬೇಕು, ಎಲೆ ಉದುರಬಾರದು, ಬೇರು ಬಿಡಬಾರದು, ಕಾಗೆ ಕೂರಬಾರದು. ಅಂಥ ಮರ ಇದ್ಯಾ?"

ನನಗೂ ಬೇಸತ್ತು ಹೋಗಿತ್ತು. "ಇದೆ ಮೇಡಂ, ಅದನ್ನ ಕೊಡೆ ಅಂತಾರೆ" ಅಂದೆ.

"ಸರಿ, ಎರಡು ನೆಡಿ."

ಪಾರ್ಟಿ

ಹೋದ ತಿಂಗಳು ಒಬ್ಬ ಇಂಜಿನಿಯರ್ ಫೋನ್ ಮಾಡಿದರು. ಅವರ ತೋಟ ನನ್ನ ಕೈಯಿಂದ ಆದದ್ದರಲ್ಲೇ ಚೆಂದ. ಕಲ್ಲುಬೆಂಚು, ಜಲ್ಲಿ ಹಾಸು, ಕುಂಡಗಳ ಸಾಲು, ಸಣ್ಣ ಸಣ್ಣ ದೀಪ. "ನಾಳೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ನಲವತ್ತು ಜನ ಬರ್ತಾರೆ, ನಿಮ್ಮ ತೋಟ ತೋರಿಸೋಕೇ ಕರೆದಿರೋದು. ನೀವು ಬರಲೇಬೇಕು."

ಮರುದಿನ ಸಂಜೆ ಇಸ್ತ್ರಿ ಶರ್ಟು ಹಾಕ್ಕೊಂಡೆ. "ಏನ್ರೀ, ನಿಮ್ಮದೇ ಮದುವೇನಾ?" ಅಂತ ಹೆಂಡತಿ ರೇಗಿಸಿದಳು.

ಹೋಗಿ ನೋಡಿದರೆ ದೀಪವೆಲ್ಲ ಉರೀತಿದೆ, ಬೆಂಚು ಖಾಲಿ. ನಲವತ್ತು ಜನವೂ ಒಳಗೆ, ಏಸಿ ಹಾಕಿದ ಹಾಲ್‌ನಲ್ಲಿ ಒತ್ತೊತ್ತಾಗಿ ಕೂತು ಟಿವಿ ನೋಡ್ತಿದಾರೆ. ಟಿವೀಲಿ ನನ್ನ ತೋಟ! ಸಿಸಿಟಿವಿ ಕ್ಯಾಮೆರಾದಿಂದ ತೋರಿಸ್ತಿದ್ದರು. "ಇವರೇ ಮಾಡಿದ್ದು" ಅಂತ ಇಂಜಿನಿಯರ್ ಅಂದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು.

"ಹೊರಗೆ ಹೋಗೋಣ್ವಾ?" ಅಂತ ಆಸೆಯಿಂದ ಕೇಳಿದೆ.

"ಅಯ್ಯೋ, ಈ ಸೆಕೇಲಾ?"

ಮೂಲೇಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡ್ಕೊಂಡು ಅಂದರು: "ಬೆಂಚಿನ ಅಳತೆ ತಿಳೀತಿಲ್ಲ. ಯಾರಾದ್ರೂ ಹೋಗಿ ಕೂತ್ರೆ ಗೊತ್ತಾಗುತ್ತೆ."

ಎಲ್ಲರೂ ನನ್ನ ಕಡೆ ತಿರುಗಿದರು. ಕೈಗೊಂದು ಕಾಫಿ ಲೋಟ ಕೊಟ್ಟು, ಬಾಗಿಲು ತೆಗೆದು, ನಾನು ಹೊರಗೆ ಹೋದಮೇಲೆ ಏಸಿ ಹೋಗದ ಹಾಗೆ ಮುಚ್ಚಿಕೊಂಡರು. ಹೋಗಿ ಕೂತೆ. ಹದಿನಾಲ್ಕು ವರ್ಷಕ್ಕೆ ಒಬ್ಬ ಕೂತ, ಅದೂ ನಾನೇ. ಊರ ಸೊಳ್ಳೆಯೆಲ್ಲ ನನ್ನ ಮೇಲೇ ಬಿತ್ತು. ಎಡಕ್ಕೆ ಹೊಡ್ಕೊಂಡೆ, ಬಲಕ್ಕೆ ಹೊಡ್ಕೊಂಡೆ, ತಲೆ ಮೇಲೆ ಎರಡೂ ಕೈ ಆಡಿಸಿದೆ.

ಫೋನು ಬಂತು, ಇಂಜಿನಿಯರೇ. "ಸಾರ್, ಸಾಕು ನಿಲ್ಸಿ. ನೀವು ಟಾಟಾ ಮಾಡ್ತಿದೀರ ಅಂತ ಇಲ್ಲಿ ನಲವತ್ತು ಜನಾನೂ ಟಿವಿಗೆ ಟಾಟಾ ಮಾಡ್ತಿದಾರೆ, ಊಟಕ್ಕೆ ಏಳ್ತಾನೇ ಇಲ್ಲ."