ಪೆನ್ ಡ್ರೈವ್ ಮತ್ತು ಹಸಿರು ದೋಣಿ

ದೋಣಿ ಇನ್ನೇನು ದಡ ಮುಟ್ಟಬೇಕು, ಅಷ್ಟರಲ್ಲಿ ಯಾರೋ ಭುಜ ಹಿಡಿದು ಅಲುಗಿಸಿದರು.

"ಏಳಪ್ಪಾ, ನನ್ನ ಪೆನ್ ಡ್ರೈವ್ ಕಾಣಿಸ್ತಿಲ್ಲ."

ಪ್ರೂಫ್ ಅಕ್ಕ. ಪ್ರೆಸ್ಸಿನಲ್ಲಿ ಎಲ್ಲರ ತಪ್ಪನ್ನೂ ಹುಡುಕಿ ತಿದ್ದುವವಳು. ಕಣ್ಣು ಮುಚ್ಚಿದ ಮನುಷ್ಯನನ್ನು ಎಬ್ಬಿಸುವುದು ತಪ್ಪೆಂದು ಮಾತ್ರ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅವಳು ಎಬ್ಬಿಸಿದ ಕಂಪ್ಯೂಟರ್ ಆಪರೇಟರನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಕನಸಪ್ಪ. ಕಿಟಕಿ ಪಕ್ಕದ ತನ್ನ ಕುರ್ಚಿಯಲ್ಲಿ ರೆಪ್ಪೆ ಮುಚ್ಚಿದರೆ ಸಾಕು, ಅದೇ ಕನಸು: ಹುಟ್ಟು ಹಾಕುವವರಿಲ್ಲದೆ ತೇಲುವ ಹಸಿರು ದೋಣಿ, ಸದ್ದೇ ಇಲ್ಲದ ನೀರು, ಆಚೆ ದಡದಲ್ಲಿ ಬೆನ್ನು ಮಾಡಿ ನಿಂತ ಯಾರೋ ಒಬ್ಬರು. ಆ ಮುಖವನ್ನೊಮ್ಮೆ ನೋಡಬೇಕು. ಬದುಕಿನಲ್ಲಿ ಅವನಿಗಿದ್ದದ್ದು ಅದೊಂದೇ ಆಸೆ. ಆದರೆ ದಡ ಹತ್ತಿರವಾದಾಗಲೇ ಯಾರದೋ ಪೆನ್ ಡ್ರೈವ್ ಕಾಣೆಯಾಗುತ್ತಿತ್ತು.

ತಪ್ಪು ಕಂಪ್ಯೂಟರಿನದು. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶದ ಹಳೆಯ ಆವೃತ್ತಿ. ಸಿಕ್ಕಿಸಿದ ಪೆನ್ ಡ್ರೈವ್, ಕರೆಯದೆ ಊಟಕ್ಕೇಳದ ಬೀಗರ ಹಾಗೆ ಬಿಗುಮಾನದಿಂದ ಕೂತಿರುತ್ತಿತ್ತು. ಕನಸಪ್ಪ ಬಂದು 'ಮೌಂಟ್' ಎಂದು ಟೈಪಿಸಿ ಮರ್ಯಾದೆಯಿಂದ ಕರೆದ ಮೇಲೇ ಒಳಗಿನ ಫೈಲುಗಳು ಮುಖ ತೋರಿಸುತ್ತಿದ್ದವು.

ಅವತ್ತು ಅವನಿಗೆ ಸಾಕಾಗಿಹೋಯಿತು. ಮರುದಿನ ಬೆಳಗ್ಗೆಯೆಲ್ಲ ಕೂತು, ಸಿಕ್ಕಿಸಿದ ಕೂಡಲೇ ಪೆನ್ ಡ್ರೈವ್ ತಾನಾಗಿ ತೆರೆದುಕೊಳ್ಳುವ ಹಾಗೆ ಮಾಡಿದ. ಊಟ ಮುಗಿಸಿ ಕುರ್ಚಿಗೆ ಒರಗಿದ. ದೋಣಿ ಹೊರಟಿತು.

"ಏಯ್ ಏಳು ಏಳು! ನೀನು ಬರದೇನೇ ತೆರ್ಕೊಂಡ್ಬಿಡ್ತು!" ಅಕ್ಕ ದೆವ್ವ ಕಂಡವಳಂತೆ ನಿಂತಿದ್ದಳು.

"ನಾನೇ ಹಾಗೆ ಮಾಡಿದ್ದು ಅಕ್ಕಾ."

"ಮೊದ್ಲೇ ಹೇಳ್ಬಾರ್ದಾ? ಎದೆ ಧಸಕ್ ಅಂತು."

ಅವಳು ಹೋದಳು. ದೋಣಿ ಮತ್ತೆ ಹೊರಟಿತು. ಈ ಸಲ ಡಿಸೈನರ್ ಓಡಿಬಂದ. "ಗುರೂ, ಕೆಟ್ಟೆ! ಕಾಪಿ ಆಗ್ತಿರುವಾಗಲೇ ಕಿತ್ಬಿಟ್ಟೆ. ಕವರ್ ಪೇಜಲ್ಲಿ ಲೇಖಕರ ಮುಖ ಅರ್ಧಾನೇ ಉಳಿದಿದೆ."

"ಯಾವ ಅರ್ಧ?"

"ಮೀಸೆಯಿಂದ ಮೇಲೆ."

ಅದನ್ನು ಸರಿಪಡಿಸಿ ಕನಸಪ್ಪ ಕಂಪ್ಯೂಟರಿನ ಮೇಲೊಂದು ಚೀಟಿ ಅಂಟಿಸಿದ: 'ಕೇಳದೆ ಕೀಳಬೇಡಿ'. ಅಲ್ಲಿಗೆ ಅವನ ನೆಮ್ಮದಿಯ ಕತೆ ಮುಗಿಯಿತು. ಇಡೀ ಪ್ರೆಸ್ಸು ಒಬ್ಬೊಬ್ಬರಾಗಿ ಬಂದು, ಭುಜ ಅಲುಗಿಸಿ, ವಿನಯದಿಂದ ಕೇಳತೊಡಗಿತು: "ಕೀಳಬಹುದಾ?"

ಹಲ್ಲು ಕಚ್ಚಿಕೊಂಡು ಅದಕ್ಕೂ ದಾರಿ ಮಾಡಿದ. ಕೆಲಸ ಮುಗಿದೊಡನೆ ಕಂಪ್ಯೂಟರೇ ಪೆನ್ ಡ್ರೈವಿನ ಕೈಬಿಡುವಂತೆ ಪ್ರೋಗ್ರಾಂ ಬರೆದು, ಚೀಟಿ ಹರಿದುಹಾಕಿದ. ಕೋಣೆ ನಿಶ್ಶಬ್ದವಾಯಿತು. ಕಿಟಕಿಯ ಬಿಸಿಲು ಮೊಣಕೈ ಮೇಲೆ ಬೆಕ್ಕಿನಂತೆ ಮಲಗಿತ್ತು. ದೋಣಿ... ನೀರು... ದಡ...

ಭುಜದ ಮೇಲೆ ಕೈ. ಮ್ಯಾನೇಜರ್!

"ಎಲ್ಲಾ ತಾನಾಗೇ ಆಗುತ್ತಂತೆ? ಭೇಷ್ ಕಣ್ರೀ! ಹಾಗಾದ್ರೆ ಈ ಮೂಲೇಲಿ ನೀವ್ಯಾಕೆ? ಮುಂದಿನ ಕೌಂಟರ್ ನೋಡ್ಕೊಳ್ಳಿ. ನನ್ನ ಕೋಣೆ ಫ್ಯಾನು ಕಿರ್ರೋ ಅಂತಿದೆ, ನಾನಿಲ್ಲಿ ಕೂತ್ಕೋತೀನಿ."

ಕೌಂಟರಿನಲ್ಲಿ ರೆಪ್ಪೆ ಮಿಟುಕಿಸುವುದಕ್ಕೂ ಪುರುಸೊತ್ತಿರಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮ್ಯಾನೇಜರ್ ಎದ್ದು ಬಂದರು. ಕೆನ್ನೆಯ ಮೇಲೆ ಅಂಗಿತೋಳಿನ ಮಡಿಕೆಯ ಗುರುತು, ಕಣ್ಣಲ್ಲಿ ಎಂದೂ ಇಲ್ಲದ ಮೆದುತನ.

"ರೀ, ಆ ಕುರ್ಚೀಲಿ ಏನೋ ಇದೆ. ಒಂದು ದೋಣಿ ಕಾಣಿಸ್ತು..."

ಕನಸಪ್ಪ ಕೌಂಟರ್ ದಾಟಿ ಹತ್ತಿರ ಬಂದ. "ಹಸಿರು ದೋಣೀನಾ ಸಾರ್?"

"ನಿಮಗೆ ಹೇಗೆ ಗೊತ್ತು?"

"ದಡ... ದಡ ಸೇರ್ತಾ?"

"ಸೇರ್ತಲ್ಲ! ಯಾರೂ ಎಬ್ಬಿಸ್ಲೇ ಇಲ್ವಲ್ಲ!"

"ಅಲ್ಲಿ ನಿಂತಿದ್ದೋರು..."

"ತಿರುಗಿದ್ರು ಕಣ್ರೀ. ನೋಡ್ತೀನಿ, ಅಯ್ಯೋ, ಅದು ಬೇರೆ ಯಾರೂ ಅಲ್ಲ—"

ಬಾಗಿಲು ದಢಾರನೆ ತೆರೆಯಿತು. "ಸಾರ್!" ಪ್ರೂಫ್ ಅಕ್ಕ ಸಂಭ್ರಮದಿಂದ ಕೂಗಿದಳು. "ಪೆನ್ ಡ್ರೈವು ತಾನಾಗೇ ತೆರ್ಕೊಳ್ತು, ತಾನಾಗೇ ಬಿಟ್ಕೊಡ್ತು! ಇನ್ಮೇಲೆ ಯಾರನ್ನೂ ಕರೀಬೇಕಾಗೇ ಇಲ್ಲ!"

ಮ್ಯಾನೇಜರ್ ನಕ್ಕು ಇತ್ತ ತಿರುಗಿದರು. ಹಣೆ ಉಜ್ಜಿಕೊಂಡರು. ಕಣ್ಣಿನ ಮೆದುತನ ಆಗಲೇ ಕರಗಿಹೋಗಿತ್ತು.

"ಏನೋ ಹೇಳ್ತಿದ್ದೆನಲ್ಲ ನಾನು?"